ಹೊಸ ಕಪ್ಪು ಕಾರ್ಟ್ರಿಜ್ ಹಾಕಿದ್ದೇನೆ, ಆದರೂ ಕಪ್ಪು ಅಕ್ಷರ ಒಂದೂ ಬರುತ್ತಿಲ್ಲ

ಕಾಗದದೋಣಿ
ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ, ಗೊತ್ತಿರುವವರು ದಯವಿಟ್ಟು ಹೇಳಿ.

ನಮ್ಮ ಮನೆಯ ಇಂಕ್‌ಜೆಟ್ ಪ್ರಿಂಟರ್‌ಗೆ ನಾಲ್ಕು ಬೇರೆ ಬೇರೆ ಕಾರ್ಟ್ರಿಜ್ ಇವೆ. ಕಪ್ಪು, ಸಯಾನ್, ಮಜೆಂಟಾ, ಹಳದಿ. ಕಪ್ಪು ಮುಗಿದಿತ್ತು. ಹೊಸದು ತರಿಸಿ ನಿನ್ನೆ ರಾತ್ರಿ ಹಾಕಿದೆ. ಟಕ್ ಅಂತ ಸರಿಯಾಗಿ ಕೂತಿತು. ಪ್ರಿಂಟರ್ ಅದನ್ನು ಒಪ್ಪಿಕೊಂಡಿದೆ, ಕಪ್ಪು ಪೂರ್ತಿ ತುಂಬಿದೆ ಅಂತಲೂ ತೋರಿಸುತ್ತಿದೆ. ಆದರೆ ಪ್ರಿಂಟ್ ಕೊಟ್ಟರೆ ಬಣ್ಣದ ಚಿತ್ರ ಮಾತ್ರ ಬರುತ್ತದೆ, ಅದರ ಪಕ್ಕದ ಬರಹ ಇರಬೇಕಾದ ಜಾಗ ಬೆಳ್ಳಗಿರುತ್ತದೆ.

ಹೆಡ್ ಕ್ಲೀನಿಂಗ್ (ಕಾಗದದ ಮೇಲೆ ಶಾಯಿ ಹಾರಿಸುವ ಭಾಗವನ್ನು ಪ್ರಿಂಟರ್ ತಾನೇ ತೊಳೆದುಕೊಳ್ಳುವುದು) ನಾಲ್ಕು ಸಲ ಕೊಟ್ಟೆ, ಒಂದರ ಹಿಂದೆ ಒಂದು. ಕಪ್ಪು ಬರಲಿಲ್ಲ. ಉಳಿದ ಮೂರು ಬಣ್ಣ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿದಿವೆ, ನೋಡಿ ಹೊಟ್ಟೆ ಉರಿಯಿತು. ಮಗಳ ಪ್ರಾಜೆಕ್ಟ್ 40 ಪುಟ, ಶುಕ್ರವಾರ ಕೊಡಬೇಕು. ಕಾರ್ಟ್ರಿಜ್ಜೇ ಕೆಟ್ಟದ್ದು ಬಂದಿದೆಯಾ? ವಾಪಸ್ ಕಳಿಸಲಾ?

ಸಂಜೆಗಾಳಿ
ಟೇಪ್ ತೆಗೆದಿರಾ?

ನೀಲಿಶಾಯಿ
ಸಂಜೆಗಾಳಿ ಕೇಳಿದ್ದು ಸಣ್ಣ ಪ್ರಶ್ನೆ ಅನ್ನಿಸಬಹುದು, ಆದರೆ ಹತ್ತರಲ್ಲಿ ನಾಲ್ಕೈದು ಸಲ ಅದೇ ಆಗಿರುತ್ತದೆ. ಹೊಸ ಕಾರ್ಟ್ರಿಜ್‌ನಲ್ಲಿ ಎರಡು ಜಾಗದಲ್ಲಿ ಟೇಪ್ ಇರಬಹುದು. ಒಂದು ಶಾಯಿ ಹೊರಗೆ ಬರುವ ಕಡೆ, ಅಂದರೆ ಕೆಳಗೆ. ಇನ್ನೊಂದು ಮೇಲೆ, ಗಾಳಿ ಒಳಗೆ ಹೋಗುವ ಸಣ್ಣ ತೂತಿನ ಮೇಲೆ. ಶಾಯಿ ಇಳಿದಷ್ಟೂ ಒಳಗೆ ಗಾಳಿ ಹೋಗಬೇಕಲ್ವಾ? ಹೋಗದಿದ್ದರೆ ಶಾಯಿ ಇಳಿಯುವುದೇ ಇಲ್ಲ. ಸ್ಟ್ರಾದಲ್ಲಿ ನೀರು ಎಳೆದು ಮೇಲಿನ ತುದಿಗೆ ಬೆರಳು ಒತ್ತಿ ಹಿಡಿದರೆ ನೀರು ಅಲ್ಲೇ ನಿಲ್ಲುತ್ತದೆ ನೋಡಿ, ಅದೇ ಇಲ್ಲೂ. ಮೇಲಿನ ಟೇಪನ್ನು ಲೇಬಲ್ ಅಂದುಕೊಂಡು ಹಾಗೇ ಬಿಡುವವರು ಬಹಳ. ಕೆಲವರು ಉಲ್ಟಾ ಮಾಡುತ್ತಾರೆ, ಟೇಪಿನ ಜೊತೆ ನಿಜವಾದ ಲೇಬಲ್ಲನ್ನೂ ಕಿತ್ತುಬಿಡುತ್ತಾರೆ. ಅದೂ ತಪ್ಪು, ಕೆಳಗಿನ ಗಾಳಿಯ ಕಾಲುವೆಗಳು ತೆರೆದುಕೊಂಡು ಶಾಯಿ ಸೋರಬಹುದು. ಬಾಲ ಬಿಟ್ಟು ‘ಎಳೆಯಿರಿ’ ಅಂತ ಬರೆದಿರುತ್ತದಲ್ಲ, ಅದನ್ನಷ್ಟೇ ಎಳೆಯಬೇಕು.

ಕಾಗದದೋಣಿ
ಹಳದಿ ಟೇಪ್ ಒಂದಿತ್ತು, ತೆಗೆದೆ. ಈಗ ಮತ್ತೆ ಹೊರಗೆ ತೆಗೆದು ಬೆಳಕಿನಲ್ಲಿ ಹಿಡಿದು ನೋಡಿದೆ. ಮೇಲಿನ ತೂತು ತೆರೆದಿದೆ. ಕೆಳಗೆ ಹತ್ತಿ ಹೊಸಕಿದ ಹಾಗೆ ಒದ್ದೆ ಕಾಣುತ್ತದೆ, ಬೆರಳಿಗೆ ಕಪ್ಪು ತಾಗಿತು.

ಹಳೇಯಂತ್ರ
ಇದು ಕಂಪನಿಯ ಕಾರ್ಟ್ರಿಜ್ಜಾ ಅಥವಾ ಬೇರೆಯವರು ಮಾಡಿದ ಕಾಂಪಾಟಿಬಲ್ಲಾ? ಎರಡನೆಯದಾದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ವಾಪಸ್ ಕೊಟ್ಟು ಅಸಲಿ ತನ್ನಿ. ಅಗ್ಗದ ಶಾಯಿ ಹಾಕಿ ನನ್ನ ಒಂದು ಪ್ರಿಂಟರ್ ಹೋಯಿತು. ಮತ್ತೆ ಆ ತಪ್ಪು ಮಾಡಿಲ್ಲ.

ಮಳೆಹನಿ
ಹಳೇಯಂತ್ರ ಸರ್, ಎಲ್ಲಾ ಕಾಂಪಾಟಿಬಲ್ಲೂ ಕೆಟ್ಟದ್ದು ಅನ್ನುವುದು ಸರಿಯಲ್ಲ. ನಾನು ಆರು ವರ್ಷದಿಂದ ಅದನ್ನೇ ಹಾಕುತ್ತಿದ್ದೇನೆ. ನೋಡಬೇಕಾದದ್ದು ಒಂದು, ನಿಮ್ಮ ಪ್ರಿಂಟರ್‌ನ ಕಪ್ಪು ಪಿಗ್ಮೆಂಟಾ ಡೈಯಾ ಅಂತ. ಪಿಗ್ಮೆಂಟ್ ಅಂದರೆ ಬಣ್ಣದ ಪುಡಿ ದ್ರವದಲ್ಲಿ ತೇಲುತ್ತಿರುತ್ತದೆ. ಡೈ ಪೂರ್ತಿ ಕರಗಿರುತ್ತದೆ. ಎಷ್ಟೋ ಪ್ರಿಂಟರ್‌ಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಮೂರು ಡೈ. ಪಿಗ್ಮೆಂಟ್ ಇರಬೇಕಾದಲ್ಲಿ ಡೈ ಸುರಿದರೆ ಅಕ್ಷರ ಹರಡುತ್ತದೆ. ಡೈ ಇರಬೇಕಾದಲ್ಲಿ ಪಿಗ್ಮೆಂಟ್ ಸುರಿದರೆ ನಾಝಲ್, ಅಂದರೆ ಹೆಡ್‌ನಲ್ಲಿ ಶಾಯಿ ಹೊರಬರುವ ಸಣ್ಣ ತೂತು, ಕಟ್ಟಬಹುದು. ನಿಮ್ಮ ಪ್ರಿಂಟರ್ ಹೋಗಿದ್ದು ಈ ತರಹದ ಬೆರಕೆಯಿಂದಲೂ ಇರಬಹುದು. ಕಂಪನಿಯ ಹೆಸರು ನೋಡಿ ಶಾಯಿ ಒಣಗುವುದಿಲ್ಲ.

ಹಳೇಯಂತ್ರ
ನೀವು ಹೇಳಿದ್ದು ಇರಬಹುದು. ಆದರೆ ಡಬ್ಬಿಯ ಮೇಲೆ ಪಿಗ್ಮೆಂಟ್ ಅಂತ ಬರೆದಿದ್ದರೆ ಒಳಗೆ ಅದೇ ಇದೆ ಅಂತ ಮನೆಯಲ್ಲಿ ಕೂತು ಯಾರು ನೋಡುತ್ತಾರೆ? ನನಗೆ ಆ ಭರವಸೆ ಬೇಕು, ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತೇನೆ.

ದಾರದುಂಡೆ
ಈ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2017ರಲ್ಲಿ ಪ್ರಿಂಟರ್ ಕಂಪನಿ ಲೆಕ್ಸ್‌ಮಾರ್ಕ್ ಮತ್ತು ಇಂಪ್ರೆಶನ್ ಪ್ರಾಡಕ್ಟ್ಸ್ ನಡುವಿನ ಕೇಸು. ಖಾಲಿ ಟೋನರ್ (ಲೇಸರ್ ಪ್ರಿಂಟರ್‌ನ ಬಣ್ಣದ ಪುಡಿ) ಕಾರ್ಟ್ರಿಜ್ ತುಂಬಿಸಿ ಮಾರುವುದನ್ನು ಪೇಟೆಂಟ್ ಹೆಸರಿನಲ್ಲಿ ತಡೆಯಬಹುದಾ ಅನ್ನುವುದು ಪ್ರಶ್ನೆ. ಒಂದು ಸಲ ಮಾರಿದ ಮೇಲೆ ಆ ವಸ್ತುವಿನ ಮೇಲೆ ಕಂಪನಿಯ ಪೇಟೆಂಟ್ ಹಕ್ಕು ಮುಗಿಯಿತು ಅಂತ ಕೋರ್ಟು ಹೇಳಿತು. ಕೊಂಡವನ ಮಾಲು ಕೊಂಡವನದೇ.

ಮಳೆಹನಿ
ಹೌದು, ಆದರೆ ಆ ತೀರ್ಪು ಚಿಪ್ ಬಗ್ಗೆ ಅಲ್ಲ. ಪೇಟೆಂಟ್ ಬಿಟ್ಟರೂ ಚಿಪ್ ಇದೆ. ಕಾರ್ಟ್ರಿಜ್ ಮೇಲಿನ ಚಿಪ್ಪನ್ನು ಪ್ರಿಂಟರ್ ಓದುತ್ತದೆ, ಒಪ್ಪದಿದ್ದರೆ ಕೆಲಸ ಮಾಡುವುದಿಲ್ಲ. ನಿನ್ನೆ ಓಡುತ್ತಿದ್ದ ಕಾಂಪಾಟಿಬಲ್ ಇವತ್ತು ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ನಿಂತಿದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ದುಡ್ಡು ಕೊಟ್ಟು ಮನೆಗೆ ತಂದ ಯಂತ್ರ, ಅದಕ್ಕೆ ಯಾವ ಶಾಯಿ ಹಾಕಬೇಕು ಅಂತ ಬೇರೆಯವರು ತೀರ್ಮಾನಿಸುವುದು ನನಗಂತೂ ಅನ್ಯಾಯ.

ರಿಪೇರಿಕೈ
ಕಾಗದದೋಣಿ, ಮೊದಲು ಕ್ಲೀನಿಂಗ್ ನಿಲ್ಲಿಸಿ. ಇನ್ನೊಂದು ಸಲವೂ ಬೇಡ.

ನನ್ನ ಕೆಲಸವೇ ಪ್ರಿಂಟರ್ ರಿಪೇರಿ. ಇದನ್ನು ದಿನಾ ನೋಡುತ್ತೇನೆ. ಹೆಡ್ ನಿಲ್ಲುವ ಜಾಗದಲ್ಲಿ ಕೆಳಗೊಂದು ರಬ್ಬರ್ ಟೋಪಿ ಇರುತ್ತದೆ, ಅದಕ್ಕೆ ಸಣ್ಣ ಪಂಪು. ಎಷ್ಟೋ ಮಾಡೆಲ್‌ಗಳಲ್ಲಿ ಪಂಪು ಎಳೆದಾಗ ನಾಲ್ಕೂ ಬಣ್ಣ ಒಟ್ಟಿಗೆ ಬರುತ್ತವೆ. ಕಟ್ಟಿಕೊಂಡ ದಾರಿಯಲ್ಲಿ ಏನೂ ಬರುವುದಿಲ್ಲ, ಸರಿಯಾಗಿರುವ ಮೂರು ದಾರಿಯಲ್ಲಿ ಶಾಯಿ ಸುಮ್ನೆ ಸುರಿದು ಹೋಗುತ್ತದೆ. ನಿಮ್ಮ ಬಣ್ಣ ಅರ್ಧ ಆದದ್ದು ಹಾಗೆ. ಆ ಶಾಯಿ ಈಗ ಪ್ರಿಂಟರ್ ತಳದ ಸ್ಪಂಜಿನಲ್ಲಿ ಕೂತಿದೆ. ಸ್ಪಂಜು ತುಂಬಿತು ಅಂತ ಲೆಕ್ಕ ಬಂದ ದಿನ ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ.

ಎರಡನೆಯದು. ಅಸಲಿ, ಕಾಂಪಾಟಿಬಲ್ ಅಂತ ಜಗಳ ಆಡುವ ಮೊದಲು ಹೆಡ್ ಎಲ್ಲಿದೆ ನೋಡಬೇಕು. ಕೆಲವು ಪ್ರಿಂಟರ್‌ನಲ್ಲಿ ಹೆಡ್ ಕಾರ್ಟ್ರಿಜ್‌ನಲ್ಲೇ ಇರುತ್ತದೆ. ತಿರುಗಿಸಿ ನೋಡಿದರೆ ಹೊಳೆಯುವ ಸಣ್ಣ ಪಟ್ಟಿ, ಬದಿಯಲ್ಲಿ ತಾಮ್ರದ ಚುಕ್ಕಿಗಳು. ಅಂಥದ್ದರಲ್ಲಿ ಕಾರ್ಟ್ರಿಜ್ ಬದಲಿಸಿದರೆ ಹೆಡ್ಡೂ ಹೊಸದು. ನಿಮ್ಮದು ಹಾಗಲ್ಲ. ನೀವು ಹೇಳಿದ ಒದ್ದೆ ಹತ್ತಿಯಂಥದ್ದು ಶಾಯಿ ಹೊರಬರುವ ಬಾಯಿ ಅಷ್ಟೇ. ಹೆಡ್ ಪ್ರಿಂಟರ್ ಒಳಗಿದೆ. ಹೊಸ ಕಾರ್ಟ್ರಿಜ್ ಹಾಕಿದರೂ ಅದು ಹಳೇ ಹೆಡ್ಡೇ.

ಒಂದು ಪ್ರಶ್ನೆ ಕೇಳುತ್ತೇನೆ, ನೆನಪು ಮಾಡಿಕೊಂಡು ಹೇಳಿ. ಹೊಸದು ಹಾಕಿದ್ದು ನಿನ್ನೆ. ಹಳೆಯದನ್ನು ತೆಗೆದದ್ದು ಯಾವಾಗ?

ಕಾಗದದೋಣಿ
ಅದು… ಮೂರು ವಾರ ಆಯಿತು. ನಂಬರ್ ನೋಡಿ ಅದೇ ತರಿಸಬೇಕು ಅಂತ ಹೊರಗೆ ತೆಗೆದೆ. ಮೇಜಿನ ಮೇಲೆ ಇಟ್ಟಿದ್ದೆ. ಈಗಲೂ ಅಲ್ಲೇ ಇದೆ. ಖಾಲಿ ಕಾರ್ಟ್ರಿಜ್ ಹಾಕಿಟ್ಟು ಏನು ಪ್ರಯೋಜನ ಅಂದುಕೊಂಡೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ರಿಪೇರಿಕೈ
ಇದೆ. ಅದೇ ಕಾರಣ.

ಖಾಲಿ ಕಾರ್ಟ್ರಿಜ್ ಮುಚ್ಚಳದ ಕೆಲಸ ಮಾಡುತ್ತದೆ. ಅದನ್ನು ತೆಗೆದರೆ ಹೆಡ್ಡಿಗೆ ಶಾಯಿ ಹೋಗುವ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಆ ಕೊಳವೆಯಲ್ಲಿ ಉಳಿದ ಶಾಯಿ ಮೂರು ವಾರದಲ್ಲಿ ಒಣಗಿ ಗಟ್ಟಿಯಾಗಿದೆ, ಜೊತೆಗೆ ಗಾಳಿಯೂ ಸೇರಿಕೊಂಡಿದೆ. ಕಪ್ಪು ಪಿಗ್ಮೆಂಟ್ ಆಗಿದ್ದರೆ ಇನ್ನೂ ಗಟ್ಟಿ, ನೀರು ಹೋದ ಮೇಲೆ ಪುಡಿ ಉಳಿಯುತ್ತದೆ. ಹೊಸ ಕಾರ್ಟ್ರಿಜ್ ಕೈಗೆ ಬರುವವರೆಗೆ ಹಳೆಯದನ್ನು ತೆಗೆಯಬಾರದು. ಪುಸ್ತಿಕೆಯಲ್ಲಿ ಬರೆದಿರುತ್ತಾರೆ, ಆದರೆ ಸಣ್ಣ ಅಕ್ಷರದಲ್ಲಿ ಎಲ್ಲೋ ನಡುವೆ. ನಿಮ್ಮ ಕಾರ್ಟ್ರಿಜ್ ಚೆನ್ನಾಗಿದೆ, ವಾಪಸ್ ಕಳಿಸಬೇಡಿ.

ಈಗ ಮಾಡಬೇಕಾದದ್ದು. ಹೊಸ ಕಪ್ಪನ್ನು ಹಾಕಿ ಹಾಗೇ ಬಿಡಿ. ಪ್ರಿಂಟರನ್ನು ಅದರದೇ ಗುಂಡಿಯಿಂದ ಆಫ್ ಮಾಡಿ. ರಾತ್ರಿಯಿಡೀ, ಕಡಿಮೆ ಅಂದರೆ 12 ಗಂಟೆ, ಮುಟ್ಟಬೇಡಿ. ಹೊಸ ಶಾಯಿಯ ತೇವ ಒಣಗಿದ್ದನ್ನು ನಿಧಾನವಾಗಿ ನೆನೆಸುತ್ತದೆ. ನಾಳೆ ಬೆಳಿಗ್ಗೆ ಮೊದಲು ನಾಝಲ್ ಚೆಕ್ ಪುಟ ತೆಗೆಯಿರಿ, ಕ್ಲೀನಿಂಗ್ ಅಲ್ಲ. ಅದರಲ್ಲಿ ಕಪ್ಪು ಗೆರೆ ಒಂದೆರಡಾದರೂ ಕಂಡರೆ ದಾರಿ ಬಿಡುತ್ತಿದೆ ಅಂತ ಅರ್ಥ. ಆಗ ಒಂದೇ ಒಂದು ಕ್ಲೀನಿಂಗ್. ಕಪ್ಪು ಮಾತ್ರ ಅಂತ ಆರಿಸುವ ಅವಕಾಶ ನಿಮ್ಮ ಮಾಡೆಲ್‌ನಲ್ಲಿದ್ದರೆ ಅದನ್ನೇ ಆರಿಸಿ. ಮತ್ತೆ ಚೆಕ್.

ಬೆಟ್ಟದನೆಲ್ಲಿ
ಶುಕ್ರವಾರದೊಳಗೆ ಆಗದಿದ್ದರೆ ಒಂದು ದಾರಿ ಇದೆ. ಬರಹದ ಬಣ್ಣವನ್ನೇ ಅಚ್ಚ ನೀಲಿ ಮಾಡಿ ಪ್ರಿಂಟ್ ಕೊಡಿ. ಅದು ಸಯಾನ್ ಮತ್ತು ಮಜೆಂಟಾ ಸೇರಿ ಬರುವ ಬಣ್ಣ, ಕಪ್ಪಿನ ಹಂಗಿಲ್ಲ. ನನ್ನ ತಮ್ಮನ ಅರ್ಜಿಗೆ ಒಮ್ಮೆ ಹೀಗೇ ಮಾಡಿದ್ದೆವು, ಯಾರೂ ಏನೂ ಕೇಳಲಿಲ್ಲ.

ಕಾಗದದೋಣಿ
ಒಳ್ಳೆ ಉಪಾಯ. ಬಣ್ಣ 40 ಪುಟಕ್ಕೆ ಸಾಲುತ್ತದಾ ಗೊತ್ತಿಲ್ಲ, ಆದರೂ ಕೊನೆಗೆ ಇದೊಂದು ಇದೆ ಅನ್ನುವುದೇ ಧೈರ್ಯ. ರಿಪೇರಿಕೈ ಅಣ್ಣ, ನೀವು ಹೇಳಿದ ಹಾಗೇ ಆಫ್ ಮಾಡಿದ್ದೇನೆ. ನಾಳೆ ಹೇಳುತ್ತೇನೆ.

ಚುಕ್ಕಿಚಂದ್ರ
ಬಣ್ಣ ಖಾಲಿಯಾಗುವ ಮಾತು ಬಂತಲ್ಲ, ಹಳದಿ ಬೇಗ ಮುಗಿಯುವುದು ಯಾಕೆ ಗೊತ್ತಾ? ಪ್ರತಿ ಹಾಳೆಯಲ್ಲೂ ಕಣ್ಣಿಗೆ ಕಾಣದ ಹಳದಿ ಚುಕ್ಕಿ ಹಾಕುತ್ತಾರೆ. ಯಾವ ಪ್ರಿಂಟರ್‌ನಿಂದ ಬಂತು ಅಂತ ಹಿಡಿಯಲು.

ದಾರದುಂಡೆ
ಚುಕ್ಕಿ ನಿಜ, ಆದರೆ ಅದು ಕಲರ್ ಲೇಸರ್ ಪ್ರಿಂಟರ್‌ಗಳ ವಿಷಯ. 2005ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಅಮೆರಿಕದ ಇಎಫ್‌ಎಫ್ ಸಂಸ್ಥೆಯವರು ಜೆರಾಕ್ಸ್ ಡಾಕ್ಯುಕಲರ್ ಯಂತ್ರದ ಚುಕ್ಕಿಗಳನ್ನು ಬಿಡಿಸಿ ಓದಿದರು. ಅದರಲ್ಲಿ ಸೀರಿಯಲ್ ನಂಬರ್, ತಾರೀಕು, ಸಮಯ ಇತ್ತು. ಮನೆಯ ಇಂಕ್‌ಜೆಟ್‌ನಲ್ಲಿ ಹಳದಿ ಮುಗಿಯುವುದಕ್ಕೆ ಅದು ಕಾರಣ ಅಲ್ಲ. ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ಕಪ್ಪು ಬಿಳುಪು ಪುಟ ಕೊಟ್ಟಾಗಲೂ ಎಷ್ಟೋ ಪ್ರಿಂಟರ್‌ಗಳು ಬೂದು ಬಣ್ಣಕ್ಕೆ ಮೂರು ಬಣ್ಣ ಬೆರೆಸುತ್ತವೆ. ಸೆಟ್ಟಿಂಗ್‌ನಲ್ಲಿ ‘ಕಪ್ಪು ಶಾಯಿ ಮಾತ್ರ’ ಅಂತ ಇದ್ದರೆ ಅದನ್ನು ಹಾಕಿ. ‘ಗ್ರೇಸ್ಕೇಲ್’ ಅಂತ ಬರೀ ಅಷ್ಟೇ ಇದ್ದರೆ ಬಣ್ಣ ಬೆರೆಯುವ ಸಾಧ್ಯತೆ ಇದೆ.

ಚುಕ್ಕಿಚಂದ್ರ
ಓ, ಲೇಸರ್‌ದ್ದಾ. ನಾನು ಎಲ್ಲದಕ್ಕೂ ಅಂದುಕೊಂಡಿದ್ದೆ. ಥ್ಯಾಂಕ್ಸ್.

ಸಂಜೆಗಾಳಿ
ನನ್ನದೊಂದು ಪ್ರಶ್ನೆ. ‘ಇಂಕ್ ಕಡಿಮೆ ಇದೆ’ ಅಂತ ಬಂದ ತಕ್ಷಣ ಬದಲಿಸಬೇಕಾ? ನಮ್ಮ ಮನೆಯಲ್ಲಿ ಇದೇ ದಿನಾ ವಾದ.

ಹಳೇಯಂತ್ರ
ತಕ್ಷಣ ಬದಲಿಸಿ. ಪೂರ್ತಿ ಖಾಲಿ ಮಾಡಿ ಓಡಿಸಿದರೆ ಹೆಡ್ ಸುಡುತ್ತದೆ.

ಮಳೆಹನಿ
ಇಲ್ಲ ಇಲ್ಲ. ಆ ಎಚ್ಚರಿಕೆ ಸಾಮಾನ್ಯವಾಗಿ ಬರೀ ಅಂದಾಜು. ಎಷ್ಟು ಹನಿ ಹಾರಿಸಿದೆ ಅಂತ ಪ್ರಿಂಟರ್ ಎಣಿಸುತ್ತಾ ಹೋಗುತ್ತದೆ, ಲೆಕ್ಕ ಒಂದು ಮಿತಿ ಮುಟ್ಟಿದಾಗ ಹೇಳುತ್ತದೆ. ಡಬ್ಬಿಯೊಳಗೆ ಇಣುಕಿ ನೋಡಿ ಹೇಳುವುದಲ್ಲ. ಎಚ್ಚರಿಕೆ ಬಂದ ಮೇಲೂ ನನ್ನದರಲ್ಲಿ ಎಷ್ಟೋ ಪುಟ ಬಂದಿವೆ. ಎಚ್ಚರಿಕೆ ಬಂದಾಗ ಹೊಸದನ್ನು ತಂದು ಇಟ್ಟುಕೊಳ್ಳಿ, ಪೊಟ್ಟಣ ಒಡೆಯಬೇಡಿ. ಅಕ್ಷರ ಮಾಸಿದಾಗ ಹಾಕಿ.

ರಿಪೇರಿಕೈ
ಇಬ್ಬರೂ ಹೇಳಿದ್ದರಲ್ಲಿ ಅರ್ಧ ಅರ್ಧ ಸರಿ. ಶಾಯಿಯನ್ನು ಕಾಯಿಸಿ ಹಾರಿಸುವ ಹೆಡ್ ಇದ್ದರೆ ಆ ಶಾಯಿಯೇ ಹೆಡ್ಡನ್ನು ತಣ್ಣಗೂ ಇಡುತ್ತದೆ. ಶಾಯಿ ಇಲ್ಲದೆ ಓಡಿಸಿದರೆ ಹೆಡ್ಡಿಗೆ ಪೆಟ್ಟು. ಹೆಡ್ ಕಾರ್ಟ್ರಿಜ್‌ನಲ್ಲೇ ಇದ್ದರೆ ಚಿಂತೆ ಇಲ್ಲ, ಹೇಗೂ ಅದು ಹೋಗುವುದೇ. ಹೆಡ್ ಪ್ರಿಂಟರ್‌ನಲ್ಲಿದ್ದರೆ ಅಕ್ಷರ ಮಾಸಲು ಶುರುವಾದ ಪುಟಕ್ಕೇ ನಿಲ್ಲಿಸಿ, ಇನ್ನೊಂದು ಹತ್ತು ಪುಟ ಎಳೆಯೋಣ ಅನ್ನಬೇಡಿ. ಪ್ರಿಂಟರ್ ‘ಬದಲಿಸಿ’ ಅಂತ ಹೇಳಿ ತಾನೇ ನಿಂತರೆ ಅದು ಬೇರೆ ಮಾತು, ಅದು ಹೆಡ್ ಒಣ ಓಡಬಾರದು ಅಂತಲೇ ಸ್ವಲ್ಪ ಶಾಯಿ ಉಳಿಸಿಕೊಂಡು ನಿಲ್ಲುತ್ತದೆ.

ಗುಡುಗುಮಳೆ
ಶಾಯಿ ಕಾಯಿಸಿ ಹಾರಿಸುವುದು ಅಂದಿರಲ್ಲ, ಅದು ಹೇಗೆ ಹೊಳೆಯಿತು ಅನ್ನುವ ಕಥೆ ನನಗೆ ಬಹಳ ಇಷ್ಟ. 1977ರಲ್ಲಿ ಕ್ಯಾನನ್ ಕಂಪನಿಯ ಇಂಜಿನಿಯರ್ ಇಚಿರೋ ಎಂಡೋ ಲ್ಯಾಬಿನಲ್ಲಿದ್ದಾಗ ಬಿಸಿ ಸೋಲ್ಡರಿಂಗ್ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಶಾಖಕ್ಕೆ ಒಳಗೆ ಗುಳ್ಳೆ ಎದ್ದು ಶಾಯಿಯನ್ನು ಹೊರಗೆ ತಳ್ಳಿತ್ತು. ಅಲ್ಲಿಂದಲೇ ಬಬಲ್ ಜೆಟ್ ಅನ್ನುವ ಹೆಸರು. ಎಚ್‌ಪಿಯವರೂ ಅದೇ ತತ್ವ ಬೇರೆಯಾಗಿ ಕಂಡುಕೊಂಡು 1984ರಲ್ಲಿ ಥಿಂಕ್‌ಜೆಟ್ ತಂದರು. ಎಪ್ಸನ್ ದಾರಿ ಬೇರೆ, ಅಲ್ಲಿ ಕಾಯಿಸುವುದಿಲ್ಲ. ಕರೆಂಟ್ ಕೊಟ್ಟರೆ ಬಾಗುವ ಹರಳು ಶಾಯಿಯನ್ನು ಹಿಂಡುತ್ತದೆ, ಪೀಜೋ ಅನ್ನುತ್ತಾರೆ. ಆ ಹೆಡ್ ಮಾಡುವುದು ದುಬಾರಿ, ಅದಕ್ಕೇ ಅದನ್ನು ಪ್ರಿಂಟರ್‌ನಲ್ಲೇ ಕೂರಿಸಿರುತ್ತಾರೆ. ಒಂದೊಂದು ಹನಿ ಕೆಲವೇ ಪಿಕೋಲೀಟರ್. ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಅಂದರೆ ಒಂದು ಪಿಕೋಲೀಟರ್. ಅಷ್ಟು ಸಣ್ಣ ತೂತಿನಲ್ಲಿ ಶಾಯಿ ಒಣಗದೇ ಇರುವುದೇ ಆಶ್ಚರ್ಯ.

ತುಂಬೆಹೂ
ಹೆಡ್ ಕಾರ್ಟ್ರಿಜ್‌ನಲ್ಲೇ ಇರುವವರಿಗೆ ಒಂದು ಮಾತು. ನನ್ನದು ಅಂಥದ್ದು. ಎರಡು ತಿಂಗಳು ಮುಟ್ಟದೆ ಇಟ್ಟಿದ್ದೆ, ಬಣ್ಣ ಬರಲಿಲ್ಲ. ಒಂದು ತಟ್ಟೆಯಲ್ಲಿ ಟಿಶ್ಯೂ ಕಾಗದ ನಾಲ್ಕು ಮಡಿಕೆ ಮಡಿಸಿ ಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿದೆ. ಡಿಸ್ಟಿಲ್ಡ್ ನೀರು ಇತ್ತು, ಅದನ್ನೇ ಹಾಕಿದೆ. ಕಾರ್ಟ್ರಿಜ್ಜನ್ನು ಆ ಹೊಳೆಯುವ ಪಟ್ಟಿ ಕೆಳಗೆ ಬರುವ ಹಾಗೆ ಅದರ ಮೇಲೆ ನಿಲ್ಲಿಸಿದೆ. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಮೊದಲು ನೀಲಿ ಗೆರೆ ಕಾಗದದಲ್ಲಿ ಹಬ್ಬಿತು, ಅದರ ಪಕ್ಕ ಗುಲಾಬಿ, ಕೊನೆಗೆ ಹಳದಿ. ಮೂರು ಪಟ್ಟೆ ಬಿಡಿಬಿಡಿಯಾಗಿ ಕಂಡಾಗ ಎಷ್ಟು ಖುಷಿಯಾಯಿತು ಗೊತ್ತಾ. ಒಣ ಟಿಶ್ಯೂಗೆ ಮೆಲ್ಲಗೆ ಒತ್ತಿ ತೆಗೆದು ಹಾಕಿದೆ, ಸರಿಯಾಯಿತು. ಉಜ್ಜಬಾರದು. ತಾಮ್ರದ ಚುಕ್ಕಿಗಳಿಗೆ ನೀರು ತಾಗಬಾರದು, ಬೆರಳೂ ತಾಗಬಾರದು.

ಹೊಸಬ್ಬ
ಮುಚ್ಚಳ ತೆಗೆದಾಗ ಕಾರ್ಟ್ರಿಜ್ ಒಂದು ಮೂಲೆಯಲ್ಲೇ ನಿಂತಿರುತ್ತದೆ, ಕೈಯಿಂದ ನಡುವಿಗೆ ಎಳೆಯಬಹುದಾ?

ರಿಪೇರಿಕೈ
ಎಳೆಯಬೇಡಿ. ಪ್ರಿಂಟರ್ ಆನ್ ಇರಬೇಕು, ಆಗ ಮುಚ್ಚಳ ತೆಗೆದರೆ ಅದೇ ನಡುವಿಗೆ ಬರುತ್ತದೆ. ಕೆಲವು ಮಾಡೆಲ್‌ಗೆ ಪರದೆಯಲ್ಲಿ ‘ಕಾರ್ಟ್ರಿಜ್ ಬದಲಿಸಿ’ ಒತ್ತಬೇಕು. ಮೂಲೆಯಲ್ಲಿ ಅದು ರಬ್ಬರ್ ಟೋಪಿಯ ಮೇಲೆ ಕೂತಿರುತ್ತದೆ, ಬಲವಂತವಾಗಿ ಎಳೆದರೆ ಲಾಕ್ ಮುರಿಯಬಹುದು.

ಇನ್ನೊಂದು, ಗೋಡೆಯ ಸ್ವಿಚ್‌ನಿಂದ ಪ್ರಿಂಟರ್ ಆಫ್ ಮಾಡುವವರು ಅದನ್ನು ದಯವಿಟ್ಟು ಬಿಡಿ. ಪ್ರಿಂಟರ್‌ನ ಗುಂಡಿ ಒತ್ತಿದರೆ ಮೊದಲು ಹೆಡ್ಡನ್ನು ಟೋಪಿಯ ಮೇಲೆ ಕೂರಿಸಿ ಆಮೇಲೆ ಆಫ್ ಆಗುತ್ತದೆ. ಕೆಲಸದ ಮಧ್ಯೆ ಗೋಡೆಯಲ್ಲಿ ಆಫ್ ಮಾಡಿದರೆ ಹೆಡ್ ಎಲ್ಲಿತ್ತೋ ಅಲ್ಲೇ, ಟೋಪಿ ಇಲ್ಲದೆ ನಿಲ್ಲುತ್ತದೆ, ಒಣಗುತ್ತದೆ. ನನ್ನ ಬಳಿ ಬರುವ ಕಟ್ಟಿದ ಹೆಡ್‌ಗಳಲ್ಲಿ ಈ ಕಾರಣದ್ದು ಬಹಳ.

ಹೊಸಬ್ಬ
ಅಯ್ಯೋ, ನಾವು ದಿನಾ ಗೋಡೆಯಲ್ಲೇ ಆಫ್ ಮಾಡುವುದು. ಇವತ್ತಿನಿಂದ ಇಲ್ಲ.

ಅಂಚೆಚೀಟಿ
ಡಬ್ಬಿಯ ಮೇಲೆ ಇಷ್ಟು ಪುಟ ಬರುತ್ತದೆ ಅಂತ ಬರೆದಿರುತ್ತಾರಲ್ಲ, ನನಗೆ ಒಮ್ಮೆಯೂ ಅಷ್ಟು ಬಂದಿಲ್ಲ. ಇದು ಮೋಸ ಅಲ್ವಾ?

ದಾರದುಂಡೆ
ಮೋಸ ಅನ್ನಲಾಗದು, ಆದರೆ ನಮ್ಮ ಮನೆಗೆ ಹೊಂದುವ ಲೆಕ್ಕವೂ ಅಲ್ಲ. ಕಲರ್ ಇಂಕ್‌ಜೆಟ್‌ಗೆ ಐಎಸ್‌ಒ 24711 ಅನ್ನುವ ಮಾನದಂಡ ಇದೆ. ಗೊತ್ತುಮಾಡಿದ ಕೆಲವು ಪುಟಗಳನ್ನು ಬಿಡದೆ ಒಂದೇ ಸಮ ಪ್ರಿಂಟ್ ಮಾಡಿ ಎಣಿಸುತ್ತಾರೆ. ಮನೆಯಲ್ಲಿ ನಾವು ವಾರಕ್ಕೆ ಎರಡು ಪುಟ ತೆಗೆಯುತ್ತೇವೆ, ನಡುವೆ ಪ್ರಿಂಟರ್ ತನಗೆ ತಾನೇ ಕ್ಲೀನಿಂಗ್ ಮಾಡಿಕೊಳ್ಳುತ್ತದೆ. ಆ ಶಾಯಿ ಪುಟದ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಎರಡು ಡಬ್ಬಿಯಲ್ಲಿ ಯಾವುದು ಲಾಭ ಅಂತ ಹೋಲಿಸಲು ಆ ಸಂಖ್ಯೆ ಬೇಕು. ಎಕ್ಸ್‌ಎಲ್, ಅಂದರೆ ಹೆಚ್ಚು ಶಾಯಿ ಇರುವ ಡಬ್ಬಿ ಕೊಳ್ಳುವಾಗ ಬೆಲೆಯನ್ನು ಪುಟದಿಂದ ಭಾಗಿಸಿ ನೋಡಿ.

ಸಂಜೆಗಾಳಿ
ಕಡಿಮೆ ಪ್ರಿಂಟ್ ಮಾಡುವವರು ಲೇಸರ್ ತಗೊಳ್ಳುವುದೇ ವಾಸಿ. ಟೋನರ್ ಒಣ ಪುಡಿ, ಒಣಗುವ ಮಾತೇ ಇಲ್ಲ.

ತುಂಬೆಹೂ
ಇರುವ ಪ್ರಿಂಟರ್ ಎಸೆಯಬೇಕಾಗಿಲ್ಲ. ವಾರಕ್ಕೊಂದು ಸಲ ನಾಲ್ಕೂ ಬಣ್ಣ ಇರುವ ಒಂದು ಸಣ್ಣ ಪುಟ ತೆಗೆದರೆ ಸಾಕು. ಮಕ್ಕಳಿಗೆ ಒಂದು ಚಿತ್ರ ತೆಗೆದುಕೊಡಿ.

ಕಾಗದದೋಣಿ
ಬೆಳಿಗ್ಗೆ ಆರಕ್ಕೇ ಎದ್ದು ನೋಡಿದೆ!

ನಾಝಲ್ ಚೆಕ್ ಪುಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗೆರೆಗಳು ಬರುತ್ತವಲ್ಲ, ನಿನ್ನೆ ಕಪ್ಪಿನ ಜಾಗದಲ್ಲಿ ಏನೂ ಇರಲಿಲ್ಲ. ಇವತ್ತು ಎಡಗಡೆ ಮೇಲೆ ಏಳೆಂಟು ಗೆರೆ ಬಂದಿದ್ದವು, ಬಾಚಣಿಗೆಯಲ್ಲಿ ಹಲ್ಲು ಉದುರಿದ ಹಾಗೆ ನಡುನಡುವೆ ಖಾಲಿ. ಒಂದು ಕ್ಲೀನಿಂಗ್ ಕೊಟ್ಟೆ, ಕಪ್ಪು ಮಾತ್ರ. ಅರ್ಧ ಬಂತು. ಮತ್ತೆ ಕೊಡಲು ಕೈ ತುರಿಸಿತು, ಆದರೆ ಆಫ್ ಮಾಡಿ ಸಂಜೆವರೆಗೆ ಬಿಟ್ಟೆ. ಸಂಜೆ ಇನ್ನೊಂದು. ಈಗ ಕೊನೆಯ ಸಾಲಿನಲ್ಲಿ ಎರಡು ಗೆರೆ ಬಿಟ್ಟು ಎಲ್ಲಾ ಇವೆ. ಬರಹ ಚೆನ್ನಾಗಿ ಓದಬಹುದು. ಮಗಳು ಪಕ್ಕದಲ್ಲೇ ನಿಂತು ಪುಟ ಎಣಿಸುತ್ತಿದ್ದಾಳೆ, 26 ಆಗಿದೆ. ರಿಪೇರಿಕೈ ಅಣ್ಣ, ದೊಡ್ಡ ಉಪಕಾರ ಆಯಿತು.

ರಿಪೇರಿಕೈ
ಸಂತೋಷ. ಉಳಿದ ಎರಡು ಗೆರೆಗೆ ಕ್ಲೀನಿಂಗ್ ಬೇಡ, ಪ್ರಿಂಟ್ ಮಾಡುತ್ತಾ ಹೋದರೆ ತಾನಾಗಿ ಬಿಡಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಮತ್ತೆ, ಮುಂದಿನ ಸಲ ನಂಬರ್‌ಗೋಸ್ಕರ ಕಾರ್ಟ್ರಿಜ್ ಹೊರಗೆ ತೆಗೆಯಬೇಕಾಗಿಲ್ಲ. ಎಷ್ಟೋ ಪ್ರಿಂಟರ್‌ಗಳಲ್ಲಿ ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿರುತ್ತಾರೆ, ಅಲ್ಲಿರುತ್ತದೆ.

ಕಾಗದದೋಣಿ
ಈಗಷ್ಟೇ ಎತ್ತಿ ನೋಡಿದೆ. ಬಲಗಡೆ ಮೂಲೆಯಲ್ಲಿ ಇದೆ, ನಾಲ್ಕೂ ಬಣ್ಣದ ನಂಬರ್ ಸಾಲಾಗಿ. ಫೋಟೋ ತೆಗೆದು ಇಟ್ಟುಕೊಂಡೆ. ಮೇಜಿನ ಮೇಲಿದ್ದ ಖಾಲಿ ಕಾರ್ಟ್ರಿಜ್ಜನ್ನು ಕಸಕ್ಕೆ ಹಾಕಬೇಕಾ?

ಮಳೆಹನಿ
ಕಸಕ್ಕೆ ಬೇಡ. ಹೊಸದು ಬಂದ ಪೊಟ್ಟಣದಲ್ಲೇ ಸುತ್ತಿಡಿ, ಇಲ್ಲದಿದ್ದರೆ ಮೇಜಿಗೆ ಕಲೆಯಾಗುತ್ತದೆ. ಖಾಲಿ ಕಾರ್ಟ್ರಿಜ್ ವಾಪಸ್ ಪಡೆಯುವವರಿಗೆ ಕೊಡಿ, ಅದು ಮತ್ತೆ ಕೆಲಸಕ್ಕೆ ಬರುತ್ತದೆ.